ಲೇಥ್ ಉಳಿ ತಗೊಳ್ಳೋರು ಮೊದಲು ಸಾಣೆಗೆ ದುಡ್ಡು ಎತ್ತಿಡಿ

ಸಂಪಾದಕರಿಗೆ ನಮಸ್ಕಾರ,

ಮರದ ಲೇಥ್, ಅಂದ್ರೆ ಮರವನ್ನ ತಿರುಗಿಸಿ ಉಳಿಯಲ್ಲಿ ಕಡೆಯೋ ಮಶಿನ್, ಹಾಕಿ ಏನಾದ್ರೂ ಮಾಡೋಣ ಅಂತ ಹೊರಟ ಹುಡುಗ್ರು ಶಿರಸಿ, ಸಿದ್ದಾಪುರ, ಕುಮಟಾ ಕಡೆ ಎಲ್ಲ ಸಿಗ್ತಾರೆ ಈಗ, ಒಳ್ಳೇದೇ, ಆದ್ರೆ ಅವರು ಕೇಳೋ ಮೊದಲ್ನೇ ಪ್ರಶ್ನೆ ಮಾತ್ರ ಯಾವಾಗ್ಲೂ ಒಂದೇ, "ಯಾವ ಸೆಟ್ ತಗೊಳ್ಳೋದು?" ಅಂತ. ಮೊಬೈಲಲ್ಲಿ ಎಂಟು ಉಳಿಯ ಸೆಟ್ ಒಂದನ್ನ ತೋರಿಸ್ತಾರೆ, ಚಂದದ ಪೆಟ್ಟಿಗೆ, ಹೊಳೆಯೋ ಹಿಡಿ, ರೇಟೂ ಕಡಿಮೆ. ಸೆಟ್ಟೇ ಬೇಡ ಮಾರಾಯ, ಇರೋ ದುಡ್ಡಲ್ಲಿ ಮೂರರಲ್ಲಿ ಒಂದು ಪಾಲು ಸಾಣೆಗೆ ಎತ್ತಿಡು, ಉಳಿದಿದ್ದರಲ್ಲಿ ಮೂರ್ನಾಕು ಒಳ್ಳೆ ಉಳಿ ತಗೋ ಅಂತ ನಾನು ಹೇಳೋದು. ಒಬ್ಬೊಬ್ಬರಿಗೇ ಹೇಳ್ತಾ ಕೂರೋದಕ್ಕಿಂತ ನಿಮ್ಮ ಪತ್ರಿಕೆಯಲ್ಲಿ ಬಂದ್ರೆ ನಾಕು ಜನಕ್ಕೆ ಉಪಯೋಗ ಆಗಲಿ ಅಂತ ಬರೀತಾ ಇದ್ದೇನೆ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ.

ಬಜೆಟ್ ಅಂದ್ರೆ ಎಷ್ಟು ಅನ್ನೋದಕ್ಕೆ ಒಂದು ಅಳತೆ ಬೇಕಲ್ಲ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬು ಇವೆ, ಬಡಗಿ, ದೋಣಿ ಮಾಡೋರು, ಮೀನಿನ ಬಲೆ ಮಾಡೋರು, ಗೊಂಬೆ ಆಟಿಕೆ ಮಾಡೋರು ಎಲ್ಲ ಅದರಲ್ಲಿ ಬರ್ತಾರೆ, ಉಪಕರಣಕ್ಕೆ ಅಂತ 15,000 ರೂಪಾಯಿವರೆಗೆ ಸಹಾಯ ಇದೆ. ಅದರಲ್ಲಿ ಯಾವ ಸಾಮಾನು ಸಿಗ್ತದೆ ಅನ್ನೋದು ಬೇರೆ ಮಾತು, ನಾನು ಆ ಮೊತ್ತವನ್ನ ಮಾತ್ರ ಲೆಕ್ಕಕ್ಕೆ ಹಿಡೀತೇನೆ, ಯಾಕಂದ್ರೆ ನಮ್ಮ ಹುಡುಗ್ರ ಕೈಯಲ್ಲಿ ಇರೋದೂ ಹೆಚ್ಚುಕಮ್ಮಿ ಅಷ್ಟೇ. ಲೇಥಿನ ದುಡ್ಡು ಬೇರೆ, ಇದು ಬರೀ ಉಳಿ ಮತ್ತೆ ಸಾಣೆಯ ಲೆಕ್ಕ.

ಎಂಟು ಹತ್ತು ಉಳಿ ಇಲ್ಲದೆ ಆಗೋದೇ ಇಲ್ಲ ಅನ್ನೋ ಯೋಚನೆ ನಮ್ಮ ಜಿಲ್ಲೆಯವರಿಗೆ ಬರೋದಕ್ಕೆ ಕಾರಣನೂ ಇದೆ. ನಾವು ನೋಡ್ತಾ ಬೆಳೆದದ್ದು ಗುಡಿಗಾರರ ಶ್ರೀಗಂಧದ ಕೆತ್ತನೆ. ಅವರ ಎದುರಿಗೆ ಸಣ್ಣದು ದೊಡ್ಡದು ಸೇರಿ ಹತ್ತಾರು ಉಳಿ ಹರಡಿರ್ತವೆ, ಅವರಿಗೆ ಅದು ಬೇಕೇ ಬೇಕು, ಮರ ಅಲ್ಲಾಡದೆ ಕೂತಿರ್ತದೆ, ಉಳಿಯ ಬಾಯಿ ಯಾವ ಆಕಾರವೋ ಗೀರೂ ಅದೇ ಆಕಾರ. ಲೇಥಲ್ಲಿ ಹಂಗಲ್ಲ. ತಿರುಗೋದು ಮರ, ಉಬ್ಬು ತಗ್ಗು ಬರೋದು ನಮ್ಮ ಕೈ ಹೋದ ದಾರಿಯಿಂದ. ಒಂದೇ ಗೌಜಿನಲ್ಲಿ, ಅಂದ್ರೆ ನಡುವೆ ಕಾಲುವೆ ಇರೋ ಉಳಿಯಲ್ಲಿ, ಮಣಿಯನ್ನೂ ತೆಗೀಬಹುದು, ಅದರ ಪಕ್ಕದ ಗುಳಿಯನ್ನೂ ತೆಗೀಬಹುದು. ಸೆಟ್ಟಿನ ಎಂಟರಲ್ಲಿ ನಾಕು ಉಳಿ ಪೆಟ್ಟಿಗೆಯಿಂದ ಹೊರಗೇ ಬರೋದಿಲ್ಲ, ಯಾರ ಮನೆಗೆ ಬೇಕಾದ್ರೂ ಹೋಗಿ ನೋಡಿ.

ಹಂಗಾದ್ರೆ ಯಾವ ನಾಕು? ನಮ್ಮಲ್ಲಿ ಕೆಲಸ ಸಿಗೋದು ಹೆಚ್ಚಾಗಿ ಲಟ್ಟಣಿಗೆ, ಕಡಗೋಲಿನ ಕೋಲು, ಬುಗುರಿ, ತೊಟ್ಟಿಲ ಕಂಬಿ, ಮಂಚದ ಕಾಲು, ಅಂದ್ರೆ ಎರಡೂ ತುದಿ ಹಿಡಿದು ಉದ್ದಕ್ಕೆ ಕಡೆಯೋದು. ಚೌಕದ ತುಂಡನ್ನ ಉರುಟು ಮಾಡೋಕೆ ಮುಕ್ಕಾಲು ಇಂಚಿನ ರಫಿಂಗ್ ಗೌಜ್, ಮಣಿ ಗುಳಿ ತೆಗೆಯೋಕೆ 3/8 ಇಂಚಿನ ಸ್ಪಿಂಡಲ್ ಗೌಜ್, ತುಂಡು ಮಾಡೋಕೂ ಅಳತೆ ಗುರುತು ಹಾಕೋಕೂ ಒಂದು ಪಾರ್ಟಿಂಗ್ ಟೂಲ್, ಮತ್ತೆ ಒಂದು ಸ್ಕ್ಯೂ, ಅಂದ್ರೆ ಓರೆ ಬಾಯಿಯ ಚಪ್ಪಟೆ ಉಳಿ, ಮುಕ್ಕಾಲೋ ಒಂದೋ ಇಂಚಿಂದು. ಸ್ಕ್ಯೂ ಬಗ್ಗೆ ಹೆದರಿಸೋರು ಬಹಳ ಜನ ಇದಾರೆ, ಅಲಗಿನ ಮೇಲ್ತುದಿ ಮರಕ್ಕೆ ತಾಗಿದ ಕೂಡ್ಲೇ ಕಚ್ಚಿ ಎಳೀತದೆ ಅನ್ನೋದು ನಿಜನೇ, ಆದ್ರೆ ಅಲಗಿನ ಕೆಳಭಾಗದಲ್ಲಿ ಮಾತ್ರ ಕತ್ತರಿಸೋದು ರೂಢಿ ಆದ್ಮೇಲೆ ಲಟ್ಟಣಿಗೆಗೆ ಪಾಲಿಶ್ ಪೇಪರ್ ಮುಟ್ಟಿಸೋದೇ ಬೇಡ ಅನ್ನೋ ಹಾಗೆ ನುಣುಪು ಬರ್ತದೆ. ಪೇಪರಿನ ಖರ್ಚು ಉಳೀತದಲ್ಲ, ಅದೂ ಬಜೆಟ್ಟೇ.

ಬಟ್ಟಲು, ಬೋಗುಣಿ ಮಾಡೋ ಆಸೆ ಇದ್ರೆ ಮಾತ್ರ ಬೌಲ್ ಗೌಜ್ ಮತ್ತೆ ಒಂದು ದಪ್ಪ ಉರುಟು ಮೂತಿಯ ಸ್ಕ್ರೇಪರ್ (ಹೆರೆಯೋ ಉಳಿ) ಆಮೇಲೆ ಸೇರಿಸ್ಕೊಳ್ಳಿ. ಇಲ್ಲಿ ಒಂದು ವಿಷಯ ದೊಡ್ಡ ಅಕ್ಷರದಲ್ಲಿ ಹಾಕಿದ್ರೂ ಅಡ್ಡಿಲ್ಲ: ರಫಿಂಗ್ ಗೌಜನ್ನ ಬಟ್ಟಲಿಗೆ ಹಾಕ್ಬೇಡಿ. ನೋಡೋಕೆ ಅದೇ ಎಲ್ಲಕ್ಕಿಂತ ಗಟ್ಟಿ ಕಾಣ್ತದೆ, ಆದ್ರೆ ಹಿಡಿಯ ಒಳಗೆ ಹೋಗೋ ಜಾಗದಲ್ಲಿ ಸಪೂರ ಪಟ್ಟಿ ಇರ್ತದೆ ಅಷ್ಟೇ, ಬಟ್ಟಲಿನ ಮರ ಒಂದೊಂದು ಸುತ್ತಿಗೂ ಎರಡೆರಡು ಸಲ ಕಡಿದ ನಾರಿನ ತುದಿಯನ್ನ ಉಳಿಗೆ ತಂದು ಹೊಡೀತದೆ, ಕಚ್ಚಿತು ಅಂದ್ರೆ ಆ ಸಪೂರ ಜಾಗದಲ್ಲೇ ಮುರಿದು ಮುಖಕ್ಕೆ ಬರ್ತದೆ. ಇನ್ನು ಆನ್‌ಲೈನಲ್ಲಿ ಬೌಲ್ ಗೌಜ್ ತರಿಸೋರು ಅಳತೆ ನೋಡುವಾಗ ಜೋಪಾನ, ಇಂಗ್ಲೆಂಡಿನವರು ನಡುವಿನ ಕಾಲುವೆಯ ಅಗಲ ಹೇಳ್ತಾರೆ, ಅಮೆರಿಕದವರು ಸರಳಿನ ದಪ್ಪ ಹೇಳ್ತಾರೆ, ಇಂಗ್ಲೆಂಡಿನವರ 3/8 ಇಂಚು ಮತ್ತೆ ಅಮೆರಿಕದವರ ಅರ್ಧ ಇಂಚು ಎರಡೂ ಒಂದೇ ಸಾಮಾನು.

ಉಕ್ಕಿನ ಮಾತಿಗೆ ಬರ್ತೇನೆ. ಕಡಿಮೆ ರೇಟಿನ ಸೆಟ್ಟುಗಳು ಹೆಚ್ಚಾಗಿ ಕಾರ್ಬನ್ ಸ್ಟೀಲಿಂದು. ಕಾರ್ಬನ್ ಸ್ಟೀಲ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ, ಚೂಪು ಚೆನ್ನಾಗೇ ಬರ್ತದೆ, ಆದ್ರೆ ಸಾಣೆ ಹಿಡಿಯೋ ಗ್ರೈಂಡರ್ ಮೇಲೆ ಸ್ವಲ್ಪ ಜಾಸ್ತಿ ಒತ್ತಿ ತುದಿ ನೀಲಿ ತಿರುಗಿತು ಅಂದ್ರೆ, ಅಂದ್ರೆ 300 ಡಿಗ್ರಿ ಆಸುಪಾಸು ಮುಟ್ಟಿತು ಅಂದ್ರೆ, ಅಲ್ಲಿನ ಹದ ಹೋಯ್ತು, ನೀಲಿ ಆದಷ್ಟನ್ನೂ ಮಸೆದು ತೆಗೀಬೇಕು. ಎಚ್‌ಎಸ್‌ಎಸ್, ಅಂದ್ರೆ ಹೈ ಸ್ಪೀಡ್ ಸ್ಟೀಲ್, 600 ಡಿಗ್ರಿ ಹತ್ತಿರದವರೆಗೂ ಹದ ಬಿಡೋದಿಲ್ಲ. ಹೊಸಬರ ಕೈ ಗ್ರೈಂಡರ್ ಮೇಲೆ ಭಾರ ಇರ್ತದೆ, ಹಾಗಾಗಿ ಅವರಿಗೇ ಎಚ್‌ಎಸ್‌ಎಸ್ ಹೆಚ್ಚು ಬೇಕಾಗೋದು, ಕೈ ಪಳಗಿದವರು ಬೇಕಾದ್ರೆ ಕಾರ್ಬನ್ನಲ್ಲಿ ಸುಧಾರಿಸ್ಕೋಬಹುದು. ನಮ್ಮ ಮರಗಳೂ ಹಂಗೇ ಇವೆ. ಸಾಗವಾನಿ ಕೈಗೆ ಮೆತ್ತಗೆ ಅನ್ಸಿದ್ರೂ ಅದರೊಳಗೆ ಸಿಲಿಕಾ ಇರ್ತದೆ, ಮರಳಿನ ಜಾತಿಯದೇ ಅದು, ಅಲಗನ್ನ ಬೇಗ ಮೊಂಡು ಮಾಡ್ತದೆ. ಗಾಳಿಮರ, ಮತ್ತಿ, ಹುಣಸೆ ಅಂತೂ ಗಟ್ಟಿ ಅನ್ನೋದು ಎಲ್ಲರಿಗೂ ಗೊತ್ತು.

ಎಚ್‌ಎಸ್‌ಎಸ್ ಅಂತ ಮೇಲೆ ಕೊರೆದಿದ್ದ ಮಾತ್ರಕ್ಕೆ ನಂಬ್ಬೇಡಿ. ಗ್ರೈಂಡರಿಗೆ ಹಿಂಬದಿ ಸ್ವಲ್ಪ ಮುಟ್ಟಿಸಿ ಕಿಡಿ ನೋಡಿ, ಕಾರ್ಬನ್ ಸ್ಟೀಲ್ ಆದ್ರೆ ಬೆಳ್ಳಗೆ ಹೊಳೆದು ಕವಲು ಕವಲಾಗಿ ಸಿಡೀತದೆ, ಸುರುಸುರು ಬತ್ತಿ ಹಚ್ಚಿದ ಹಾಗೆ, ಎಚ್‌ಎಸ್‌ಎಸ್ ಆದ್ರೆ ಮಂಕು ಕೆಂಪು ಬಣ್ಣದ ಗೆರೆ, ಸಿಡಿಯೋದು ಬಹಳ ಕಡಿಮೆ. ಮ್ಯಾಗ್ನೆಟ್ ಹಿಡಿದು ನೋಡೋದ್ರಿಂದ ಏನೂ ಗೊತ್ತಾಗೋದಿಲ್ಲ, ಎರಡೂ ಹಿಡೀತವೆ.

ಈಗ ಸಾಣೆ. ನಾನು ಹಟ ಹಿಡಿಯೋದು ಇದರ ಮೇಲೇ. ಗಟ್ಟಿ ಮರ ಕಡೆಯುವಾಗ ಒಂದೇ ಕೆಲಸದಲ್ಲಿ ಎರಡು ಮೂರು ಸಲ ಉಳಿಯನ್ನ ಗ್ರೈಂಡರಿಗೆ ಒಯ್ಯಬೇಕಾಗ್ತದೆ, ಲೇಥಲ್ಲಿ ನಿಮಿಷಕ್ಕೆ ಎಷ್ಟು ಉದ್ದದ ಮರ ಅಲಗಿನ ಮೇಲೆ ಹಾದು ಹೋಗ್ತದೆ ಅಂತ ಯೋಚನೆ ಮಾಡಿ ನೋಡಿ. ಮೊಂಡು ಉಳಿ ಇದ್ರೆ ನಾವು ಒತ್ತುತ್ತೇವೆ, ಒತ್ತಿದ್ರೆ ಕಚ್ತದೆ, ಕಚ್ಚಿದ್ರೆ ಮರ ಹಾರ್ತದೆ. ಲೇಥ್ ಸರಿ ಇಲ್ಲ, ಮರ ಸರಿ ಇಲ್ಲ ಅಂತ ದೂರು ಹೇಳೋರ ಉಳಿಯನ್ನ ಹೆಬ್ಬೆರಳಲ್ಲಿ ಮುಟ್ಟಿ ನೋಡಿದ್ರೆ ಸಾಕು, ವಿಷಯ ತಿಳೀತದೆ.

ಆರು ಇಂಚಿನ ಬೆಂಚ್ ಗ್ರೈಂಡರ್ ಮೂರರಿಂದ ನಾಕು ಸಾವಿರದ ಒಳಗೆ ಬರ್ತದೆ. ಅದರ ಜೊತೆ ಬರೋ ಬೂದು ಕಲ್ಲು ಗೇಟು ಗ್ರಿಲ್ ಕೆಲಸಕ್ಕೆ ಅಡ್ಡಿಲ್ಲ, ನಮ್ಮ ಉಳಿಗೆ ಬಿಳಿ ಅಲ್ಯೂಮಿನಿಯಂ ಆಕ್ಸೈಡ್ ಕಲ್ಲು ಬೇಕು, ಅದು ಕಡಿಮೆ ಬಿಸಿ ಮಾಡ್ತದೆ. ತರುವಾಗ ನಡುವಿನ ತೂತಿನ ಅಳತೆ ನೋಡ್ಕೊಂಡು ಹೋಗಿ, ಕಲ್ಲಿನ ಮೇಲೆ ಬರೆದಿರೋ ಸ್ಪೀಡು ಗ್ರೈಂಡರಿನ ಸ್ಪೀಡಿಗಿಂತ ಹೆಚ್ಚಿರ್ಬೇಕು, ನಮ್ಮ ಸಾಮಾನ್ಯ ಗ್ರೈಂಡರುಗಳು 2,800 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಚೆಈಚೆ ಓಡ್ತವೆ. ಕಲ್ಲನ್ನ ಬೆರಳಿಗೆ ಸಿಕ್ಕಿಸಿ ಮರದ ಹಿಡಿಯಿಂದ ಮೆಲ್ಲಗೆ ಬಡಿದ್ರೆ ಗಂಟೆಯ ಹಾಗೆ ಸ್ವರ ಬರ್ಬೇಕು, ಡಬ್ ಅಂದ್ರೆ ಒಳಗೆ ಬಿರುಕಿದೆ, ತರ್ಲೇಬೇಡಿ. ಕಲ್ಲಿನ ಮುಖ ಸಮ ಮಾಡೋಕೆ ಒಂದು ಡೈಮಂಡ್ ಡ್ರೆಸ್ಸರ್. ಇಷ್ಟಾದ್ರೆ ಸುಮಾರು ಐದು ಸಾವಿರ. ಉಳಿ ಹಿಡಿಯೋ ಜಿಗ್ ಅಂಗಡಿಯದ್ದೇ ಆಗ್ಬೇಕು ಅಂತಿಲ್ಲ, ಪ್ಲೈವುಡ್ ತುಂಡಿನಲ್ಲಿ ಓರೆಯ ಮೇಜು ಮಾಡಿ ಗ್ರೈಂಡರಿನ ಮುಂದೆ ಕೂರಿಸಿದ್ರೆ ಆಯ್ತು, ರಫಿಂಗ್ ಗೌಜಿಗೆ 45 ಡಿಗ್ರಿ, ಸ್ಪಿಂಡಲ್ ಗೌಜಿಗೆ 35ರಿಂದ 40, ಬೌಲ್ ಗೌಜಿಗೆ 50ರಿಂದ 55, ಸ್ಕ್ರೇಪರಿಗೆ 75 ಹತ್ತಿರ. ಓರೆ ಸರಿಯಾಗಿ ಕೂತಿದೆಯೋ ಇಲ್ವೋ ನೋಡೋಕೆ ಅಲಗಿನ ಓರೆಗೆ ಮಾರ್ಕರ್ ಪೆನ್ ಬಳಿದು, ಗ್ರೈಂಡರ್ ಆಫ್ ಇಟ್ಕೊಂಡು ಕಲ್ಲನ್ನ ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮಸಿ ಇಡೀ ಓರೆಯಲ್ಲಿ ಅಳಿಸಿದ್ರೆ ಸರಿ ಇದೆ, ತುದಿಯಲ್ಲಿ ಮಾತ್ರ ಅಳಿಸಿದ್ರೆ ಮೇಜು ಬದಲಾಯಿಸ್ಬೇಕು. ಕಾರ್ಬನ್ ಸ್ಟೀಲನ್ನ ಆಗಾಗ ನೀರಿಗೆ ಅದ್ದಬೇಕು, ಎಚ್‌ಎಸ್‌ಎಸ್ ಕಾದಿದ್ರೆ ನೀರಿಗೆ ಹಾಕ್ಬೇಡಿ, ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬರ್ಬಹುದು, ಗಾಳಿಗೆ ಆರ್ಲಿ.

ಕಾರ್ಬೈಡ್ ತಗೊಂಡ್ರೆ ಸಾಣೆನೇ ಬೇಡವಲ್ಲ ಅಂತ ಕೆಲವರು ಕೇಳ್ತಾರೆ. ಹೌದು, ಸಣ್ಣ ಚೌಕದ ಬಿಲ್ಲೆ ಸ್ಕ್ರೂ ಹಾಕಿ ಕೂರಿಸಿರ್ತಾರೆ, ಒಂದು ಮೂಲೆ ಮೊಂಡಾದ್ರೆ ತಿರುಗಿಸಿದ್ರಾಯ್ತು. ಅಕೇಶಿಯಾ, ಗಾಳಿಮರದಂಥ ಗಟ್ಟಿ ಮರಕ್ಕೆ ಅಡ್ಡಿಲ್ಲ. ಆದ್ರೆ ಅದು ಹೆಚ್ಚಾಗಿ ಹೆರೆಯೋದು, ಕತ್ತರಿಸೋದು ಕಡಿಮೆ, ಮೆತ್ತಗಿನ ಮರದಲ್ಲಿ ನಾರು ಕಿತ್ತು ಬರ್ತದೆ, ಆಮೇಲೆ ಪೇಪರ್ ತಿಕ್ಕೋದೇ ಕೆಲಸ. ನಾಕೂ ಮೂಲೆ ಮುಗಿದ್ಮೇಲೆ ಹೊಸ ಬಿಲ್ಲೆಗೆ ಮತ್ತೆ ದುಡ್ಡು. ಜಾಗ ಇಲ್ಲದವರಿಗೆ, ವಾರಕ್ಕೊಮ್ಮೆ ಹವ್ಯಾಸಕ್ಕೆ ಅಂತ ಮಾಡೋರಿಗೆ ಸರಿ, ಇದರಲ್ಲೇ ಹೊಟ್ಟೆ ಹೊರೀಬೇಕು ಅನ್ನೋರಿಗೆ ನಾನು ಹೇಳೋದಿಲ್ಲ.

ದುಡ್ಡು ಉಳಿಸೋ ನಿಜವಾದ ಜಾಗ ಹಿಡಿ. ಹಿಡಿ ಇಲ್ಲದ ಉಳಿ ಕೇಳಿ ತಗೊಳ್ಳಿ, ಲೇಥ್ ಇರೋನು ಹಿಡಿ ದುಡ್ಡು ಕೊಟ್ಟು ತರೋದು ಎಂತಕ್ಕೆ? ಒಣಗಿದ ಮಾವಿನ ಟೊಂಗೆಯೋ ಅಕೇಶಿಯಾ ತುಂಡೋ ಸಾಕು, ತುದಿ ಸೀಳದ ಹಾಗೆ ಪೈಪಿನ ಒಂದು ಚೂರನ್ನ ಬಳೆ ಹಾಗೆ ತೊಡಿಸಿ, ಅದು ಮೊದಲ್ನೇ ಪಾಠನೂ ಆಗ್ತದೆ. ಪಾರ್ಟಿಂಗ್ ಟೂಲಿಗೆ ಗುಜರಿಯಲ್ಲಿ ಸಿಗೋ ಪವರ್ ಹ್ಯಾಕ್ಸಾ ಮಶಿನ್ನಿನ ಹಳೇ ಬ್ಲೇಡ್ ನೋಡಿ, ಇಡೀ ಎಚ್‌ಎಸ್‌ಎಸ್ ಆಗಿರೋದು ಸಿಕ್ಕಿದ್ರೆ ಹಲ್ಲು ಮಸೆದು ತೆಗೆದು ಹಿಡಿ ಹಾಕಿದ್ರೆ ಮುಗೀತು, ಕೆಲವದರಲ್ಲಿ ಹಲ್ಲಿನ ಸಾಲು ಮಾತ್ರ ಎಚ್‌ಎಸ್‌ಎಸ್ ಇರ್ತದೆ, ಕಿಡಿ ನೋಡಿ ತಿಳ್ಕೊಳ್ಳಿ. ಲಾರಿಯ ಹಳೇ ಕಮಾನ್ ಪಟ್ಟಿಯಿಂದ ಕಮ್ಮಾರ ಒಳ್ಳೆ ಸ್ಕ್ರೇಪರ್ ಬಡಿದು ಹದ ಹಾಕಿ ಕೊಡ್ತಾನೆ. ಹಳೇ ಅರವನ್ನ ಮಸೆದು ಉಳಿ ಮಾಡೋದು ಮಾತ್ರ ಬೇಡ, ಅರದ ಉಕ್ಕು ಗಾಜಿನಷ್ಟೇ ಪೆಡಸು, ಹದ ಇಳಿಸದೆ ಲೇಥಿಗೆ ಹಿಡಿದ್ರೆ ಎರಡು ತುಂಡು.

ಲೇಥಲ್ಲಿ ಮರವನ್ನ ಕಚ್ಚಿ ಹಿಡಿಯೋ ಚಕ್‌ಗೂ ಈಗ್ಲೇ ದುಡ್ಡು ಹಾಕ್ಬೇಡಿ, ನಾಕು ದವಡೆಯ ಚಕ್ ಒಂದಕ್ಕೇ ಅರ್ಧ ಬಜೆಟ್ ಹೋಗ್ತದೆ. ಲೇಥ್ ಜೊತೆ ಬಂದ ಫೇಸ್‌ಪ್ಲೇಟಿಗೆ (ತೂತುಗಳಿರೋ ಕಬ್ಬಿಣದ ತಟ್ಟೆ) ಬೇಡದ ಮರದ ತುಂಡು ಸ್ಕ್ರೂ ಮಾಡಿ, ಅದಕ್ಕೆ ಬಟ್ಟಲಿನ ಮರವನ್ನ ಅಂಟು ಹಾಕಿ ಕೂರಿಸಿದ್ರೆ ಕೆಲಸ ನಡೀತದೆ.

ಕರಾವಳಿಯವರಿಗೆ ಇನ್ನೊಂದು. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪು ಗಾಳಿಗೆ ಮಳೆಗಾಲದಲ್ಲಿ ರಾತ್ರಿ ಕಳೆದು ಬೆಳಗಾಗೋದರೊಳಗೆ ಉಳಿ ಕೆಂಪಾಗ್ತದೆ, ಎಚ್‌ಎಸ್‌ಎಸ್ಸೂ ತುಕ್ಕು ಹಿಡೀತದೆ, ಸ್ಟೇನ್‌ಲೆಸ್ ಅಲ್ಲ ಅದು. ಕೆಲಸ ಮುಗಿದ್ಮೇಲೆ ಮಶಿನ್ ಆಯಿಲ್ ಬಟ್ಟೆಯಲ್ಲಿ ಒಂದು ಸಲ ಒರೆಸಿ ಇಡಿ, ಮರದ ಹುಡಿ ಮೇಲೆ ಬಿಟ್ಟು ಹೋಗ್ಬೇಡಿ, ಹುಡಿ ನೀರು ಹಿಡ್ಕೊಳ್ತದೆ.

ಸಂಪಾದಕರೇ, ನನ್ನ ಕೇಳಿಕೆ ಇಷ್ಟೇ. ಮರಗೆಲಸದ ತರಬೇತಿ ಕೊಡೋ ಸಂಸ್ಥೆಗಳು, ಇಲಾಖೆಯವರು ನಿಮ್ಮ ಪತ್ರಿಕೆ ಓದ್ತಾರೆ. ಕಲಿಸೋ ದಿನಗಳಲ್ಲಿ ಮೊದಲ್ನೇ ದಿನ ಬರೀ ಸಾಣೆಗೆ ಇಡ್ಲಿ, ಲೇಥ್ ಸ್ವಿಚ್ ಹಾಕೋದೇ ಬೇಡ. ಕತ್ತಿ ಮಸೆಯೋಕೆ ಬಾರದ ಕೊನೆಗೌಡನನ್ನ ಯಾರೂ ಅಡಿಕೆ ಮರ ಹತ್ತೋಕೆ ಕರೆಯೋದಿಲ್ಲ, ಲೇಥಿನ ಹುಡುಗನಿಗೆ ಮಾತ್ರ ಸಾಣೆ ಗೊತ್ತಿಲ್ಲದೆ ಸರ್ಟಿಫಿಕೇಟ್ ಸಿಗೋದು ಹೆಂಗೆ? ಮತ್ತೆ ಕಿಟ್ ಕೊಡೋದಾದ್ರೆ ಎಂಟು ಉಳಿಯ ಪೆಟ್ಟಿಗೆ ಬದಲು ನಾಕು ಉಳಿ, ಒಂದು ಗ್ರೈಂಡರ್, ಒಂದು ಬಿಳಿ ಕಲ್ಲು ಕೊಡ್ಲಿ.

ಇಂತಿ,
ಒಬ್ಬ ಮರಗೆಲಸದವ, ಶಿರಸಿ

ವಿ.ಸೂ.: ಮೇಲಿನ ಲೆಕ್ಕದಲ್ಲಿ ಇಡೀ ಮುಖ ಮುಚ್ಚೋ ಶೀಲ್ಡಿಗೂ ಒಳ್ಳೆ ಮಾಸ್ಕಿಗೂ ಒಂದು ಸಾವಿರ ಬೇರೆ ತೆಗೆದಿಡಿ, ಗಟ್ಟಿ ಮರದ ಹುಡಿ ಕ್ಯಾನ್ಸರ್ ತರೋ ವಸ್ತುಗಳ ಪಟ್ಟಿಯಲ್ಲೇ ಇದೆ. ಸ್ಪೀಡಿಗೆ ಸುಲಭದ ಲೆಕ್ಕ, ಮರದ ಅಡ್ಡಳತೆ ಇಂಚಿನಲ್ಲಿ ಎಷ್ಟೋ ಅದಕ್ಕೆ ಆರ್‌ಪಿಎಂ ಗುಣಿಸಿದ್ರೆ 6,000ದಿಂದ 9,000ದ ಒಳಗೆ ಇರ್ಬೇಕು, ಅಂದ್ರೆ ಎಂಟು ಇಂಚಿನ ಬಟ್ಟಲಿಗೆ 750ರಿಂದ 1,100, ಮರ ವಾರೆ ಇದ್ರೆ ಅದಕ್ಕಿಂತ ಕಡಿಮೆ. ಲುಂಗಿ, ಶಾಲು, ಉದ್ದ ತೋಳಿನ ಅಂಗಿ ಹಾಕ್ಕೊಂಡು ಲೇಥ್ ಹತ್ರ ಹೋಗ್ಬೇಡಿ.