127ಕ್ಕೆ ಟ್ರೂ, 128ಕ್ಕೆ ಫಾಲ್ಸ್: ಇದನ್ನು ಲ್ಯಾಬ್‌ನಲ್ಲೇ ತೋರಿಸಿ

ಮಾನ್ಯ ಸಂಪಾದಕರೇ,

ಜಾವಾ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತು ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರಿಗೆ ನಾನು ಸಂಜೆ ಹೊತ್ತು ಪಾಠ ಹೇಳುತ್ತೇನೆ. ರ‍್ಯಾಪರ್ ಕ್ಲಾಸ್ ಅಂದರೇನು ಅಂತ ಕೇಳಿದರೆ ಎಲ್ಲರೂ ಥಟ್ಟನೆ ಹೇಳುತ್ತಾರೆ: ಬರೀ ಬೆಲೆಯನ್ನು ಆಬ್ಜೆಕ್ಟ್ ಅನ್ನೋ ಡಬ್ಬಿಯೊಳಗೆ ಇಟ್ಟುಕೊಡುವ ಕ್ಲಾಸ್, ಇಂಟಿಜರ್ ಅಂಥದ್ದೊಂದು. ಪರೀಕ್ಷೆಗೆ ಬಾಯಿಪಾಠ ಮಾಡಿರುತ್ತಾರೆ. ಆದರೆ ಎರಡು ಇಂಟಿಜರ್ ವೇರಿಯಬಲ್‌ಗಳಲ್ಲಿ 127 ಇಟ್ಟು, ಎರಡೂ ಒಂದೇನಾ ಅಂತ ಕೇಳುವ == ಗುರುತು ಹಾಕಿ ಹೋಲಿಸಿದರೆ ಟ್ರೂ ಬರುತ್ತದೆ, ಎರಡರಲ್ಲೂ 128 ಇಟ್ಟರೆ ಫಾಲ್ಸ್ ಬರುತ್ತದೆ, ಯಾಕೆ ಅಂತ ಕೇಳಿದರೆ ಮಾತಿಲ್ಲ. ತಪ್ಪು ಅವರದ್ದಲ್ಲ. ಯಾರೂ ಅವರಿಗೆ ಪ್ರೋಗ್ರಾಂ ಓಡಿಸಿ ತೋರಿಸಿಲ್ಲ, ಅಷ್ಟೇ.

ವಿಷಯ ಕಷ್ಟದ್ದೇನಲ್ಲ. ಇಂಟ್ ಅಂದರೆ ಬರೀ ಬೆಲೆ. ಇಂಟಿಜರ್ ಹಾಗಲ್ಲ, ಅದು ಆಬ್ಜೆಕ್ಟ್. ನಿಮ್ಮ ಜೇಬಿನ 500ರ ನೋಟು, ನನ್ನ ಜೇಬಿನ 500ರ ನೋಟು ಬೆಲೆಯಲ್ಲಿ ಒಂದೇ, ಆದರೆ ಎರಡೂ ಬೇರೆ ನೋಟು ಅಲ್ವಾ? ಎರಡು ಇಂಟಿಜರ್‌ಗಳ ನಡುವೆ == ಹಾಕಿದಾಗ ಜಾವಾ ನೋಡುವುದು ನೋಟು ಒಂದೇನಾ ಅಂತ, ಬೆಲೆ ಒಂದೇನಾ ಅಂತ ಅಲ್ಲ. ಬೆಲೆ ಹೋಲಿಸಲು ಈಕ್ವಲ್ಸ್ ಬಳಸಬೇಕು. ಇನ್ನು 127ಕ್ಕೆ ಯಾಕೆ ಟ್ರೂ ಬಂತು? -128ರಿಂದ 127ರವರೆಗಿನ ಇಂಟಿಜರ್‌ಗಳನ್ನು ಜಾವಾ ಮೊದಲೇ ಮಾಡಿಟ್ಟುಕೊಂಡು, ಕೇಳಿದಾಗಲೆಲ್ಲ ಅದನ್ನೇ ಕೊಡುತ್ತದೆ. ಅದರಾಚೆಗೆ ಸಾಮಾನ್ಯವಾಗಿ ಹೊಸದು ಮಾಡುತ್ತದೆ. ನನಗೆ ಜಾಸ್ತಿ ಭಯ ಇರುವುದು ಇಲ್ಲೇ. ನಾವೆಲ್ಲ ಪ್ರೋಗ್ರಾಂ ಪರೀಕ್ಷಿಸುವುದು 5, 10, 20 ಇಂಥ ಸಣ್ಣ ಸಂಖ್ಯೆ ಹಾಕಿ, ಆಗ ಎಲ್ಲ ಸರಿಯಾಗೇ ಕಾಣುತ್ತದೆ, ಆಮೇಲೆ ಗ್ರಾಹಕರ ನಂಬರ್ 127 ದಾಟಿದ ದಿನ ಲೆಕ್ಕ ತಪ್ಪುತ್ತದೆ, ಎಲ್ಲಿ ತಪ್ಪಿತು ಅಂತ ಯಾರಿಗೂ ಹೊಳೆಯುವುದಿಲ್ಲ.

2004ರಲ್ಲಿ ಬಂದ ಜಾವಾ 5ರಿಂದ ಇಂಟ್ ತಾನಾಗಿಯೇ ಇಂಟಿಜರ್ ಆಗುತ್ತದೆ, ಇಂಟಿಜರ್ ಇಂಟ್ ಆಗುತ್ತದೆ. ಬರೆಯಲು ಸುಲಭವಾಯಿತು ನಿಜ, ಆದರೆ ಒಳಗೆ ನಡೆಯುವುದು ಕಣ್ಣಿಗೆ ಬೀಳದ ಹಾಗಾಯಿತು.

ಆಬ್ಜೆಕ್ಟ್ ಆಗಿರುವುದರಿಂದ ಲಾಭವೂ ಇದೆ, ಅದನ್ನೂ ಹೇಳಬೇಕು. ಪರೀಕ್ಷೆಯಲ್ಲಿ 0 ಅಂಕ ಬಂದವರು ಬೇರೆ, ಪರೀಕ್ಷೆಗೇ ಬಾರದವರು ಬೇರೆ. ಇಂಟ್‌ನಲ್ಲಿ ಈ ವ್ಯತ್ಯಾಸ ಹಾಗೇ ಇಡಲು ಆಗುವುದಿಲ್ಲ. ಇಂಟಿಜರ್‌ನಲ್ಲಿ ಅಂಕ ಇಲ್ಲದ ಕಡೆ ನಲ್, ಅಂದರೆ 'ಏನೂ ಇಲ್ಲ' ಅನ್ನೋದನ್ನು, ಇಡಬಹುದು. ಆದರೆ ಆ ನಲ್ ಅನ್ನು ಮರೆತು ಇಂಟ್‌ಗೆ ಹಾಕಿದರೆ ನಲ್ ಪಾಯಿಂಟರ್ ಎಕ್ಸೆಪ್ಷನ್ ಅನ್ನೋ ದೋಷ ಬಂದು ಕೆಲಸ ಅಲ್ಲೇ ನಿಲ್ಲುತ್ತದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ ಒಳಗೆ ನಡೆಯುವುದನ್ನು ತಿಳಿಯುವುದು ಇನ್ನೂ ಮುಖ್ಯ. ಡಬಲ್‌ನಲ್ಲಿ, ಅಂದರೆ ದಶಮಾಂಶ ಸಂಖ್ಯೆಗೆ ಬಳಸುವ ಬಗೆಯಲ್ಲಿ, 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ. ಯಾಕಂದರೆ 0.1 ಅನ್ನೋದು ಎರಡರ ಲೆಕ್ಕದಲ್ಲಿ, ಅಂದರೆ ಬೈನರಿಯಲ್ಲಿ, ಮುಗಿಯುವುದೇ ಇಲ್ಲ. ಅದಕ್ಕೇ ಬಿಗ್‌ಡೆಸಿಮಲ್ ಅನ್ನೋ ಕ್ಲಾಸ್ ಇರುವುದು, ದಶಮಾಂಶವನ್ನು ಇದ್ದ ಹಾಗೇ ಇಡಲು. ಅದನ್ನೂ ಡಬಲ್ 0.1 ಕೊಟ್ಟು ಮಾಡಿದರೆ ಅದೇ ತಪ್ಪು ಒಳಗೆ ಬರುತ್ತದೆ, "0.1" ಅಂತ ಸ್ಟ್ರಿಂಗ್ ಆಗಿಯೇ, ಅಂದರೆ ಅಕ್ಷರಗಳ ಸಾಲಾಗಿ, ಕೊಡಬೇಕು. ಕೂಡಿಸಲು ಆಡ್ ಅಂತ ಕರೆದರೆ ಇದ್ದ ಆಬ್ಜೆಕ್ಟ್ ಬದಲಾಗುವುದಿಲ್ಲ, ಮೊತ್ತ ಹೊಸ ಆಬ್ಜೆಕ್ಟ್ ಆಗಿ ಬರುತ್ತದೆ, ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಲೂಪ್ ಎಷ್ಟು ಸಲ ಸುತ್ತಿದರೂ ಸೊನ್ನೆಯಿಂದ ಶುರುವಾದ ಟೋಟಲ್ ಸೊನ್ನೆಯೇ. ಇನ್ನೊಂದು ಮಾತು, ಇಲ್ಲಿ 2.0 ಮತ್ತು 2.00 ಈಕ್ವಲ್ಸ್‌ಗೆ ಒಂದೇ ಅಲ್ಲ. ಬೆಲೆ ಹೋಲಿಸಲು ಕಂಪೇರ್‌ಟು ಬೇಕು.

ಬೇರೆ ಭಾಷೆಗಳಲ್ಲಿ ದಾರಿ ಬೇರೆ. ರೂಬಿಯಲ್ಲಿ 5 ಕೂಡ ಆಬ್ಜೆಕ್ಟೇ. ಸ್ಮಾಲ್‌ಟಾಕ್‌ನಲ್ಲಿ 1ನ್ನು 3ರಿಂದ ಭಾಗಿಸಿದರೆ ದಶಮಾಂಶ ಆಗದೆ ಮೂರನೇ ಒಂದು ಭಾಗವಾಗಿಯೇ ಉಳಿಯುತ್ತದೆ, ನನಗಂತೂ ಅದು ಬಹಳ ಇಷ್ಟ. ನಾವು ಕಲಿಸುತ್ತಿರುವುದು ಜಾವಾ ಆದ್ದರಿಂದ ಜಾವಾದ್ದನ್ನೇ ಸರಿಯಾಗಿ ಕಲಿಸೋಣ.

ಪಠ್ಯಕ್ರಮ ಮಾಡುವವರಲ್ಲಿ, ಪಾಠ ಮಾಡುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು. ಇದಕ್ಕೆ ಲ್ಯಾಬ್‌ನಲ್ಲಿ ಒಂದು ಪೂರ್ತಿ ಪೀರಿಯಡ್ ಕೊಡಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಕನ್ನಡದಲ್ಲೇ ಬಿಡಿಸಿ ಹೇಳಿ. ಪ್ರಶ್ನೆಪತ್ರಿಕೆಯಲ್ಲಿ ಸುಮ್ನೆ ವ್ಯಾಖ್ಯೆ ಕೇಳುವ ಬದಲು 127, 128ರ ಆ ನಾಲ್ಕು ಸಾಲಿನ ಪ್ರೋಗ್ರಾಂ ಕೊಟ್ಟು ಔಟ್‌ಪುಟ್ ಏನು, ಯಾಕೆ ಅಂತ ಕೇಳಿ. ಅಂಕದಲ್ಲಿ ಅರ್ಧ ಪಾಲು ಔಟ್‌ಪುಟ್‌ಗೆ, ಉಳಿದದ್ದು ಆ 'ಯಾಕೆ'ಗೆ ಇರಲಿ.

– ಜಾವಾ ಪಾಠ ಹೇಳುವ ಓದುಗ, ದಾವಣಗೆರೆ