ಮಕ್ಕಳ ವಿಷಯವನ್ನು ಮಕ್ಕಳಿಗೇ ಹೇಳಿಸಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರಿಗೆ,

ಮಾನ್ಯರೇ,

ಹೊಸನಗರ ತಾಲ್ಲೂಕಿನ ಅಡಿಕೆ ತೋಟದ ಮನೆಯೊಂದರಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ ಹದಿನೈದು ವರ್ಷ. ಅವಳಿಗೆ ಆಟಿಸಂ (ಸುತ್ತಲಿನ ಸದ್ದು, ಜನರ ನಡೆನುಡಿಗಳನ್ನು ಮಿದುಳು ಬೇರೆ ರೀತಿ ಗ್ರಹಿಸುವ ಸ್ಥಿತಿ) ಮತ್ತು ಎಡಿಎಚ್‌ಡಿ (ಗಮನವನ್ನು ಬೇಕಾದ ಕಡೆ ನಿಲ್ಲಿಸಲು, ಒಂದೆಡೆ ಕೂರಲು ಕಷ್ಟವಾಗುವ ಸ್ಥಿತಿ) ಎರಡೂ ಇವೆ ಎಂದು ಕಳೆದ ವರ್ಷ ತಿಳಿಯಿತು. ಅವಳನ್ನು ಕೇಳಿಯೇ ಈ ಪತ್ರ ಬರೆಯುತ್ತಿದ್ದೇನೆ. ಹೆಸರು ಬೇಡ ಎಂದಳು, ಹಾಕಿಲ್ಲ.

ಅಂದು ವೈದ್ಯರು ಮಾತನಾಡಿದ್ದೆಲ್ಲ ನನ್ನ ಮತ್ತು ಯಜಮಾನರ ಜೊತೆ. ಮಗಳು ಪಕ್ಕದ ಕುರ್ಚಿಯಲ್ಲೇ ಇದ್ದಳು. ಇಂಗ್ಲಿಷಿನಲ್ಲಿದ್ದ ವರದಿಯನ್ನು ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳೋಣ ಎಂದುಕೊಂಡೆವು. ನಾಲ್ಕು ತಿಂಗಳ ನಂತರ ಅವಳೇ ಅದನ್ನು ಹುಡುಕಿ ತೆಗೆದು, ನಿಘಂಟು ಹಿಡಿದು ಓದಿದಳು. "ಅಮ್ಮ, ಹಾಗಾದರೆ ನಾನು ಸೋಮಾರಿ ಅಲ್ಲ, ಅಲ್ಲವೇ?" ಎಂದು ಕೇಳಿದಳು. ಇಷ್ಟು ವರ್ಷ ಅವಳನ್ನು ಸೋಮಾರಿ ಎಂದು ಬೈದವರಲ್ಲಿ ನಾನೂ ಒಬ್ಬಳು.

ಆಷಾಢದ ಮಳೆ ಶಾಲೆಯ ತಗಡಿನ ಮಾಡಿನ ಮೇಲೆ ಹೊಡೆಯುವಾಗ ಅವಳು ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. ಅದನ್ನು ಮೊಂಡುತನ ಎಂದೆವು. ಗಣಿತಕ್ಕೆ ಹತ್ತು ನಿಮಿಷ ಕೂರದವಳು ಕೆರೆ ಏರಿಯ ಮೇಲೆ ಕುಳಿತು, ಯಾವ ಕಪ್ಪೆ ಯಾವ ಹೊತ್ತಿಗೆ ಕೂಗುತ್ತದೆ ಎಂದು ಕತ್ತಲಾಗುವವರೆಗೂ ಬರೆಯುತ್ತಾಳೆ. ಎಡಿಎಚ್‌ಡಿ ಇರುವವರಲ್ಲಿ ಗಮನವೇ ಇಲ್ಲವೆಂದಲ್ಲ, ಅದು ಕರೆದ ಕಡೆಗೆ ಬರುವುದಿಲ್ಲ ಎಂಬುದು ನನಗೆ ಅರ್ಥವಾಗಿದ್ದು ಆ ನೋಟ್‌ಬುಕ್ ನೋಡಿದ ಮೇಲೆ. ಶಾಲೆಯಲ್ಲಿ ಗೆಳತಿಯರನ್ನು ನೋಡಿ ನೋಡಿ ಅವರಂತೆಯೇ ನಗುವುದನ್ನು ಕಲಿತಿದ್ದಳು. ಸಂಜೆ ಮನೆಗೆ ಬಂದವಳೇ ಚೀಲ ಎಸೆದು ಅಳುತ್ತಿದ್ದಳು. ಅನೇಕ ಹೆಣ್ಣುಮಕ್ಕಳಲ್ಲಿ ಆಟಿಸಂ ತಡವಾಗಿ ಪತ್ತೆಯಾಗಲು ಹೀಗೆ ಮರೆಮಾಚಿಕೊಳ್ಳುವುದೂ ಒಂದು ಕಾರಣ. ವೈದ್ಯರಿಗೂ ಇದು ಸುಲಭವಾಗಿರಲಿಲ್ಲ ಬಿಡಿ. ಒಬ್ಬರಲ್ಲೇ ಎರಡನ್ನೂ ಗುರುತಿಸಲು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ ಅವಕಾಶ ಕೊಟ್ಟಿದ್ದೇ 2013ರಲ್ಲಿ.

ಕನ್ನಡದಲ್ಲಿ ಆಟಿಸಂಗೆ 'ಸ್ವಲೀನತೆ' ಎನ್ನುತ್ತಾರೆ ಎಂದು ನಾನು ಹೇಳಿದಾಗ ಅವಳು ಒಪ್ಪಲಿಲ್ಲ. "ನಾನು ನನ್ನೊಳಗೆ ಲೀನವಾಗಿಲ್ಲ ಅಮ್ಮ, ಹೊರಗಿನದೆಲ್ಲ ಒಟ್ಟಿಗೇ ಒಳಗೆ ನುಗ್ಗುತ್ತದೆ" ಎಂದಳು. ಇಷ್ಟು ಚೆನ್ನಾಗಿ ನನಗೆ ಯಾರೂ ವಿವರಿಸಿರಲಿಲ್ಲ.

ಮಾನ್ಯರೇ, ವ್ಯವಸ್ಥೆ ಇಲ್ಲವೆಂದು ನಾನು ದೂರುತ್ತಿಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯ ಪಟ್ಟಿಯಲ್ಲಿ ಆಟಿಸಂ, ಎಡಿಎಚ್‌ಡಿ ಎರಡೂ ಇವೆ. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಪತ್ತೆಯಾದ ಮೇಲೆ ಆ ಮಗುವಿನ ಎದುರು ಕುಳಿತು, ನಿನ್ನ ಮಿದುಳು ಹೀಗೆ ಕೆಲಸ ಮಾಡುತ್ತದೆ, ಇದು ನಿನ್ನ ತಪ್ಪಲ್ಲ, ಸುಸ್ತಾದಾಗ ಹೀಗೆ ಮಾಡು, ಸಹಾಯವನ್ನು ಹೀಗೆ ಕೇಳು ಎಂದು ಹೇಳುವವರು ನಮಗೆ ಸಿಗಲಿಲ್ಲ.

ಏಳೂ ತಾಲ್ಲೂಕುಗಳ ಸ್ನೇಹ ಕ್ಲಿನಿಕ್‌ಗಳಲ್ಲಿ ತಿಂಗಳಿಗೆ ಒಂದು ದಿನವನ್ನು ಈ ಮಕ್ಕಳಿಗೆಂದೇ ಗೊತ್ತುಮಾಡಿ. ಅಲ್ಲಿನ ಆಪ್ತಸಮಾಲೋಚಕರಿಗೆ ತರಬೇತಿ ಕೊಡಿಸಿ. ತಂದೆತಾಯಿಯನ್ನು ಹೊರಗೆ ಕೂರಿಸಿ ಮಗುವಿನ ಜೊತೆ ಮಾತನಾಡುವಂತಾಗಲಿ. ವರದಿಯ ಜೊತೆಗೆ ಎರಡು ಪುಟ ಕನ್ನಡದಲ್ಲಿ, ಮಗುವನ್ನೇ ಉದ್ದೇಶಿಸಿ ಬರೆದು ಕೊಡಲಿ. ಇನ್ನೊಂದು ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಎಡಿಎಚ್‌ಡಿ ಮಾತ್ರ ಇರುವ ಮಕ್ಕಳ ಪರವಾಗಿ ತಾವು ಕೇಂದ್ರಕ್ಕೆ ಬರೆಯಬೇಕು.

ಶಾಲೆಯಲ್ಲಿ ತನಗೆ ಏನೇನು ಕಷ್ಟ, ಏನಿದ್ದರೆ ಸಲೀಸು ಎಂದು ಮಗಳು ಕಪ್ಪೆಗಳ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಟ್ಟಿದ್ದಾಳೆ. ತಾವು ಬಂದರೆ ಓದಿ ಹೇಳುತ್ತಾಳಂತೆ. ಮಳೆಗಾಲಕ್ಕೆ ಮೊದಲೇ ಬನ್ನಿ, ಆಮೇಲೆ ತಗಡಿನ ಸದ್ದಿನಲ್ಲಿ ಅವಳಿಗೆ ಮಾತನಾಡುವುದು ಕಷ್ಟ.

ಇಂತಿ,
ಒಬ್ಬ ತಾಯಿ
ಹೊಸನಗರ ತಾಲ್ಲೂಕು