ಮೈದಾನದ ಸುತ್ತಳತೆ ಬರೆದು ಹಾಕಿ

ಸಂಪಾದಕರಿಗೆ,

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಇದಕ್ಕಾಗಿ ತಾಲ್ಲೂಕು ಮೈದಾನಗಳಲ್ಲಿ ನಸುಕಿಗೇ ಹುಡುಗರ ದಂಡು ಸೇರುತ್ತದೆ. ‘ಇವತ್ತು ಎಷ್ಟಾಯ್ತು?’ ಎಂದು ಕೇಳಿದರೆ ಬಹುತೇಕರ ಹತ್ತಿರ ಇರುವುದು ಮೊಬೈಲ್ ಆ್ಯಪ್ ತೋರಿಸಿದ ಒಂದೇ ಒಂದು ಅಂಕಿ. ಸಣ್ಣ ಮೈದಾನದಲ್ಲಿ ಆ್ಯಪನ್ನು ನಂಬುವಂತಿಲ್ಲ. ಅದು ಬಿಂದುವಿನಿಂದ ಬಿಂದುವಿಗೆ ನೇರ ಗೆರೆ ಎಳೆಯುವುದರಿಂದ ತಿರುವುಗಳನ್ನು ಕತ್ತರಿಸಿಬಿಡುತ್ತದೆ.

ಮೊದಲು ಸುತ್ತನ್ನು ಅಳೆಯಬೇಕು. ಸ್ಟೀಲ್ ಟೇಪ್ ಹಿಡಿದು, ಒಳಗಿನ ಸುಣ್ಣದ ಗೆರೆಯಿಂದ 20 ಸೆಂ.ಮೀ. ಹೊರಗೆ ಅಳೆಯುವುದು ಕ್ರಮ. 200 ಮೀಟರ್ ಎಂದುಕೊಂಡ ಸುತ್ತು ನಿಜಕ್ಕೂ 190 ಇದ್ದರೆ 8 ಸುತ್ತಿಗೆ 80 ಮೀಟರ್ ಖೋತಾ. ಅಲ್ಲಿ 6:25ಕ್ಕೆ ಮುಗಿಸಿದವನು ಅದೇ ವೇಗದಲ್ಲಿ ಪರೀಕ್ಷೆಯ ದಿನ 6:45 ತೆಗೆದುಕೊಳ್ಳುತ್ತಾನೆ. ಇದರ ಉಲ್ಟಾನೂ ಉಂಟು. 1.22 ಮೀಟರ್ ಅಗಲದ ಲೇನ್‌ನಲ್ಲಿ ಒಂದು ಲೇನ್ ಹೊರಗೆ ಓಡಿದರೆ ಪ್ರತಿ ಸುತ್ತಿಗೆ ಸುಮಾರು ಏಳೂವರೆ ಮೀಟರ್ ಹೆಚ್ಚು ಬೀಳುತ್ತದೆ. ಗೆಳೆಯನ ಪಕ್ಕ ಮಾತಾಡುತ್ತಾ ಓಡಿದವನ ಸಮಯ ಸುಮ್ಮಸುಮ್ಮನೆ ಕೆಡುತ್ತದೆ.

ಆಮೇಲೆ ನೋಟ್‌ಬುಕ್. ಹತ್ತು ರೂಪಾಯಿಯದಾದರೂ ಸಾಕು, ಆದರೆ ಅದರಲ್ಲಿ ಪ್ರತಿ 400 ಮೀಟರಿನ ಸಮಯವೂ ಇರಲಿ. ಒಬ್ಬ 82, 98, 106, 109 ಸೆಕೆಂಡ್ ಓಡಿದ ಎನ್ನಿ: ಒಟ್ಟು 6:35, ಐದು ಸೆಕೆಂಡಿಗೆ ಫೇಲ್. ಒಟ್ಟು ಸಮಯವಷ್ಟೇ ಬರೆದವನು ‘ನನಗೆ ದಮ್ಮಿಲ್ಲ’ ಎಂದು ಇನ್ನಷ್ಟು ಓಡುತ್ತಾನೆ. ಸುತ್ತುಸುತ್ತಿಗೂ ಬರೆದವನಿಗೆ ತಪ್ಪು ಮೊದಲ ಸುತ್ತಿನಲ್ಲೇ ಇದೆ ಎಂದು ಕಾಣುತ್ತದೆ. ಸರಾಸರಿ ಬೇಕಿರುವುದು 97.5 ಸೆಕೆಂಡ್. ಅವನೇ 95ರಲ್ಲಿ ಶುರುಮಾಡಿ 97, 98, 98 ಹಿಡಿದರೆ 6:28ಕ್ಕೆ ಪಾಸು.

ಪೂರ್ತಿ 1600 ಮೀಟರನ್ನು ದಿನಾ ಜೀವ ಬಿಟ್ಟು ಓಡುವುದು ದೊಡ್ಡ ತಪ್ಪು. ಮೊಣಕಾಲಿನ ಕೆಳಗಿನ ಮೂಳೆ ನೋವು ಹಿಡಿಯುವುದು ಹೀಗೆಯೇ. ಎರಡು–ಮೂರು ವಾರಕ್ಕೊಮ್ಮೆ, ಅದೇ ಮೈದಾನದಲ್ಲಿ, ಅದೇ ಹೊತ್ತಿಗೆ, ಹಿಂದಿನ ದಿನ ವಿಶ್ರಾಂತಿ ಪಡೆದು ಓಡಿದರೆ ಮಾತ್ರ ಹಿಂದಿನ ಸಮಯದ ಜತೆ ಹೋಲಿಸಬಹುದು. ಮಧ್ಯದ ದಿನಗಳಲ್ಲಿ 400 ಮೀಟರಿನ ನಾಲ್ಕೈದು ಓಟ, ನಡುವೆ ಎರಡು ನಿಮಿಷ ನಡಿಗೆ. ಉಳಿದಂತೆ ನಿಧಾನದ ಓಟ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನ ಒಂದು ನಿಮಿಷ ನಾಡಿ ಎಣಿಸಿ ಅದನ್ನೂ ಬರೆಯಿರಿ. ಮಾಮೂಲಿಗಿಂತ ಏಳೆಂಟು ಬಡಿತ ಜಾಸ್ತಿ ಇದ್ದರೆ ಅಂದು ಜೋರಿನ ಓಟ ಬೇಡ. ದೇಹದ ತೂಕವನ್ನು ವಾರಕ್ಕೊಮ್ಮೆ ನೋಡಿದರೆ ಸಾಕು. ಓಡಿ ಬಂದ ತಕ್ಷಣ ಇಳಿದಂತೆ ಕಾಣುವುದು ಬರೀ ಬೆವರು.

ಕ್ರೀಡಾ ಇಲಾಖೆಗೆ ಒಂದು ಮನವಿ. ಪ್ರತಿ ತಾಲ್ಲೂಕು ಮೈದಾನದ ಒಳಸುತ್ತನ್ನು ಸರಿಯಾಗಿ ಅಳೆದು, ಆ ಅಂಕಿಯನ್ನೂ ಆರಂಭದ ಗೆರೆಯನ್ನೂ ತೋರಿಸುವ ಫಲಕ ಹಾಕಿಸಲಿ. ಮಳೆಗಾಲದಲ್ಲಿ ಸುಣ್ಣದ ಗೆರೆ ಅಳಿಸಿಹೋಗುವುದರಿಂದ ತಿರುವುಗಳಲ್ಲಿ ನಾಲ್ಕು ಕಲ್ಲು ಹೂಳಿಸಿದರೆ ಇನ್ನೂ ಒಳ್ಳೆಯದು.

–ದೈಹಿಕ ಶಿಕ್ಷಣ ಶಿಕ್ಷಕರು, ಹಾವೇರಿ ಜಿಲ್ಲೆ